ಚುಕ್ಕಿಯ ಲೆಕ್ಕ, ಕಣ್ಣಿನ ಲೆಕ್ಕ

ನಾವು ಮೂರು ಜನ. ಪುಸ್ತಕ, ಪತ್ರಿಕೆ, ಕರಪತ್ರಗಳಿಗೆ ಪುಟ ಕಟ್ಟಿ ಹೊಟ್ಟೆ ಹೊರೆಯೋರು. ಈ ಕಸುಬಿಗೆ ಡಿ.ಟಿ.ಪಿ. ಅಂತಾರೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಗಾರರ ಬೆರಳಿಗೆ ಸೀಸ ಅಂಟುತ್ತಿತ್ತು. ನಮ್ಮ ಕಾಲದಲ್ಲಿ ಕಣ್ಣು ಉರಿಯುತ್ತದೆ. ಕಸುಬು ಬದಲಾದರೂ ಸವೆಯೋದು ದುಡಿಯೋರ ಮೈಯೇ.

ಎರಡು ವರ್ಷದ ಹಿಂದೆ ಚೀಟಿ ಎತ್ತಿ, ಒಂದೂವರೆ ಲಕ್ಷದಷ್ಟು ಸುರಿದು 27 ಇಂಚಿನ ಮಾನಿಟರ್ ತಂದೆವು. ಬೀದಿಯವರು ಟಿ.ವಿ. ಅಂದುಕೊಂಡರು. ಗೊತ್ತಿದ್ದವರು 'ಶೋಕಿ' ಅಂದರು. ನಮ್ಮಲ್ಲೊಬ್ಬನ ಅವ್ವ, 'ಆ ದುಡ್ಡಿಗೆ ಎರಡು ಎಮ್ಮೆ ಬರ್ತಿದ್ವಲ್ರಪ್ಪಾ' ಅಂದಳು. ಅವ್ವನ ಲೆಕ್ಕ ತಪ್ಪಲ್ಲ. ಎಮ್ಮೆ ಹಾಲು ಕೊಡುತ್ತೆ, ಇದು ಏನು ಕೊಡುತ್ತೆ? ಉತ್ತರ ಹೇಳಬೇಕಾದವರು ನಾವು.

ಹಳೆಯ 24 ಇಂಚಿನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಚುಕ್ಕಿ. ಹೊಸದರಲ್ಲಿ 5120 ಮತ್ತು 2880, ಅಂದರೆ 1 ಕೋಟಿ 47 ಲಕ್ಷ. ಇಂಚಿಗೆ 92 ಇದ್ದದ್ದು 218 ಆಯಿತು. ಇಂಗ್ಲಿಷ್ ಅಕ್ಷರ 92ರಲ್ಲೂ ಹೇಗೋ ನಿಂತುಕೊಳ್ಳುತ್ತೆ. ಕನ್ನಡದ ಪಾಡು ಬೇರೆ. ತಲೆಕಟ್ಟು, ಕೊಂಬು, ಸಾಲಿನ ಕೆಳಗೆ ತೂಗುಬಿದ್ದ ಒತ್ತು, ಎಲ್ಲಾ ಒಂದು ಕಾಳಿನಷ್ಟು ಜಾಗದಲ್ಲೇ ಹಿಡಿಯಬೇಕು. 'ಸ್ತ್ರೀ', 'ರಾಷ್ಟ್ರ' ಎರಡೂ ಹಳೆಯ ಪರದೆಯಲ್ಲಿ ಮಸಿಯ ಮುದ್ದೆ. 'ದ' ಕೆಳಗೆ ಪುಟ್ಟ ಗೀಟು ಬಿದ್ದರೆ 'ಧ'. ಆ ಗೀಟು ಕಾಣದೇ ಹೋದರೆ 'ದನ ಮೇಯಿಸಿದರು' ಅನ್ನೋದು 'ಧನ ಮೇಯಿಸಿದರು' ಅಂತ ಅಚ್ಚಾಗುತ್ತೆ. ಧನ ಮೇಯಿಸಿದವರ ಕಥೆ ಬೇರೆಯೇ ಇದೆ!

ಮಹಾಪ್ರಾಣ ನಾಲಿಗೆಗೆ ಹತ್ತಲಿಲ್ಲ ಅಂತ ಶಾಲೆಯಲ್ಲಿ ಬೆತ್ತದ ಏಟು ತಿಂದವರು ನಾವು. ಯಾವ ಗೀಟು ನಮ್ಮನ್ನು ನಗೆಪಾಟಲು ಮಾಡಿತೋ, ಇವತ್ತು ಅದೇ ಗೀಟನ್ನು ಕಾಯುವ ಕೂಲಿ ನಮ್ಮದು. ಅದನ್ನು ನಿಚ್ಚಳವಾಗಿ ನೋಡುವ ಹಕ್ಕೂ ನಮ್ಮದೇ ಅಲ್ಲವೇ?

ಈಗ ಎ4 ಅಳತೆಯ ಎರಡು ಪುಟ ಅಕ್ಕಪಕ್ಕ, ನಿಜವಾದ ಗಾತ್ರದಲ್ಲೇ ಕಾಣುತ್ತವೆ, ಓದೋಕೂ ಬರುತ್ತವೆ. ಮೊದಲು ಪುಟವನ್ನು ಎರಡರಷ್ಟು ಹಿಗ್ಗಿಸಿ, ತುಂಡು ತುಂಡು ನೋಡುತ್ತಿದ್ದೆವು. ಆದರೆ ಪರದೆ ಎಷ್ಟೇ ದುಬಾರಿಯಾದರೂ ಕಣ್ಣಿಗೆ ವಿಶ್ರಾಂತಿ ಕೊಡಲ್ಲ. ದಿಟ್ಟಿಸುವಾಗ ರೆಪ್ಪೆ ಬಡಿಯೋದು ಕಮ್ಮಿಯಾಗುತ್ತೆ, ಕಣ್ಣು ಒಣಗುತ್ತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡು ನೋಡಿ ಅಂತಾರೆ ಕಣ್ಣಿನ ಡಾಕ್ಟರು. ಪುಟಕ್ಕಿಷ್ಟು ಅಂತ ಕೂಲಿ ಪಡೆಯೋರಿಗೆ ಆ 20 ಸೆಕೆಂಡಿನ ಕೂಲಿ ಯಾರು ಕೊಡ್ತಾರೆ? ಚುಕ್ಕಿ ಎಣಿಸೋರಿದ್ದಾರೆ. ರೆಪ್ಪೆ ಎಣಿಸೋರಿಲ್ಲ.

ಕತ್ತಿನ ಕಥೆಯನ್ನೂ ಕೇಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ, ತುಸು ಕೆಳಕ್ಕೋ ಇರಬೇಕು. 2022ರಲ್ಲಿ ಆಪಲ್ ಕಂಪನಿ ಇದೇ ಅಳತೆಯ ಪರದೆಯನ್ನು 1,599 ಡಾಲರಿಗೆ ಮಾರುಕಟ್ಟೆಗೆ ತಂದಾಗ, ಏರಿಸಿ ಇಳಿಸುವ ಸ್ಟ್ಯಾಂಡಿಗೆ ಮತ್ತೆ 400 ಡಾಲರ್ ಇಟ್ಟಿತ್ತು. ಅಕ್ಷರಕ್ಕೊಂದು ಬೆಲೆ, ಕತ್ತಿಗೊಂದು ಬೆಲೆ! ನಮ್ಮ ಮಾನಿಟರಿನ ಕೆಳಗೆ ಎರಡು ರೀಮು ಕಾಗದ ಇಟ್ಟಿದ್ದೇವೆ. ಕತ್ತು ನೆಟ್ಟಗಿದೆ.

ಇನ್ನೊಂದು ಮಾತು. ಪರದೆಯ ಮೇಲೆ ಹೊಳೆದದ್ದೆಲ್ಲ ನಮ್ಮ ಓದುಗರ ಕೈಗೆ ಹಾಗೇ ಮುಟ್ಟಲ್ಲ. ಅವರಿಗೆ ಸಿಗೋದು ಮಸಿ ಹರಡುವ ಅಗ್ಗದ ಕಾಗದ, ಬಿರುಕುಬಿಟ್ಟ ಫೋನು. ಅದಕ್ಕೇ ಕೊನೆಯ ಕರಡನ್ನು ಇವತ್ತಿಗೂ ಕಾಗದದ ಮೇಲೇ ತಿದ್ದುತ್ತೇವೆ.

ಗೆಳೆಯರೆ, ಇದೇ ಮಾನಿಟರ್ ಸಾಫ್ಟ್‌ವೇರ್ ಕಂಪನಿಯ ಮೇಜಿನ ಮೇಲಿದ್ದರೆ ಸಲಕರಣೆ, ನಮ್ಮ ಮೇಜಿನ ಮೇಲಿದ್ದರೆ ಶೋಕಿ. ಈ ನ್ಯಾಯ ನಾವು ಒಪ್ಪಲ್ಲ. ಕುಡುಗೋಲು ಹರಿತ ಇರಲಿ ಅನ್ನೋದನ್ನು ಯಾರೂ ಶೋಕಿ ಅನ್ನಲ್ಲ. ಎಲ್ಲರೂ ಒಂದೂವರೆ ಲಕ್ಷ ಸುರೀಬೇಕು ಅಂತಲೂ ನಾವು ಹೇಳಲ್ಲ. 27 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 163 ಚುಕ್ಕಿ ಇರುತ್ತೆ. ಇದರ ಕಾಲು ಭಾಗದ ಬೆಲೆಗೇ ಸಿಗುತ್ತೆ, ಕನ್ನಡದ ಒತ್ತು ಸ್ಪಷ್ಟವಾಗಿ ಕಾಣುತ್ತೆ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ಕೂರುವ ಜಾಗದಲ್ಲಿ ಒಂದು ಸಲ ನೀವೇ ಕೂತು ನೋಡಿ. 'ದ'ಗೂ 'ಧ'ಗೂ ಇರುವ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣದಿದ್ದರೆ, ಮಗುವಿನ ನಾಲಿಗೆಯನ್ನು ದೂರಬೇಡಿ.