ನೈಟ್ ಡ್ಯೂಟಿ ಡೈರಿ – 17: ‘ಅಂತ ನಂಬೋದು’, ‘ಅವನನ್ನ ನಂಬೋದು’

ಬಿಎಸ್ಸಿ ನರ್ಸಿಂಗ್ ಓದುವಾಗ ನಮ್ಮ ಹಾಸ್ಟೆಲ್ಲಿನಲ್ಲಿ ದೇವರ ವಿಷಯಕ್ಕೆ ವಾದವೇ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದ್ರೆ ಎಲ್ಲರೂ ಎಲ್ಲ ದೇವರಿಗೂ ಕೈ ಮುಗೀತಿದ್ವಿ. ದೇವರು ಇದ್ದಾನಾ ಇಲ್ವಾ ಅಂತ ಟೀ ಬ್ರೇಕಿನಲ್ಲಿ ಮುಖ ಕೆಂಪಗೆ ಮಾಡ್ಕೊಂಡು ಕಿತ್ತಾಡೋರನ್ನ ನೋಡಿದ್ದು ಇಂಗ್ಲೆಂಡಿಗೆ ಬಂದ ಮೇಲೆ. ಇಲ್ಲಿ ಅದು ಸಹಜ ಬಿಡಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಕ್ರಿಶ್ಚಿಯನ್ ಅಂತ ಬರೆಸಿದವರು ಶೇ. 46.2, ಯಾವ ಧರ್ಮವೂ ಇಲ್ಲ ಅಂದವರು ಶೇ. 37.2.

ನಮ್ಮ ಕಾರ್ಡಿಯಾಕ್ ವಾರ್ಡಿನಲ್ಲಿ ಎರಡೂ ಕಡೆಯವರು ಒಬ್ಬೊಬ್ಬರು ಇದ್ದಾರೆ. ಒಬ್ಬಳು ನೈಜೀರಿಯಾದವಳು, ನೈಟ್ ಮುಗಿಸಿ ನಿದ್ದೆ ಮಾಡದೆ ಸೀದಾ ಚರ್ಚಿಗೆ ಹೋಗೋಳು. ಇನ್ನೊಬ್ಬ ಯಾರ್ಕ್‌ಶೈರ್ ಕಡೆಯ ಹಳೇ ನರ್ಸ್, ಎಥೀಸ್ಟ್. ಇಬ್ಬರ ಕೈಗೂ ನನ್ನ ಅಮ್ಮನನ್ನ ಕಣ್ಣುಮುಚ್ಚಿ ಒಪ್ಪಿಸ್ತೀನಿ, ಅಂಥ ನರ್ಸ್‌ಗಳು.

ಜಗಳ ಶುರುವಾಗೋದು ‘ಫೇತ್’ ಅನ್ನೋ ಒಂದು ಪದದಿಂದ. ಅವನಿಗೆ ಅದು ಸಾಕ್ಷಿ ಇಲ್ಲದೆ ಒಪ್ಪಿಕೊಳ್ಳೋದು. ಅವಳಿಗೆ ಒಬ್ಬರ ಮೇಲೆ ಭಾರ ಹಾಕೋದು. “ಥಿಯೇಟರಿಗೆ ಹೋಗೋ ಪೇಷಂಟ್ ಅನಸ್ತೆಟಿಸ್ಟನ್ನ ನಂಬಲ್ವಾ, ಹಾಗೆ” ಅಂತಾಳೆ. ಅವನು, “ಅನಸ್ತೆಟಿಸ್ಟಿಗೆ ರಿಜಿಸ್ಟ್ರೇಷನ್ ನಂಬರ್ ಇದೆ, ನಿನ್ನ ದೇವರದ್ದು ತೋರಿಸು” ಅಂತಾನೆ. ನಾನು ನಕ್ಕುಬಿಟ್ಟೆ, ಅವಳು ನಗಲಿಲ್ಲ.

ಕನ್ನಡದಲ್ಲಿ ಯೋಚಿಸಿದ್ರೆ ಇದು ಬೇಗ ಹೊಳೆಯುತ್ತೆ. ‘ದೇವರು ಇದ್ದಾನೆ ಅಂತ ನಂಬ್ತೀನಿ’ ಬೇರೆ, ‘ದೇವರನ್ನ ನಂಬ್ತೀನಿ’ ಬೇರೆ. ಅವನು ಮೊದಲನೆಯದನ್ನ ಕೇಳ್ತಾನೆ, ಅವಳು ಎರಡನೆಯದಕ್ಕೆ ಉತ್ತರ ಕೊಡ್ತಾಳೆ. ‘ಎಥೀಸ್ಟ್’ ಪದಕ್ಕೂ ಇದೇ ಗತಿ. “ದೇವರಿಲ್ಲ ಅಂತ ಸಾಬೀತು ಮಾಡು” ಅಂತಾಳೆ. “ಇಲ್ಲ ಅಂತ ನಾನೆಲ್ಲಿ ಹೇಳಿದೆ? ಇದೆ ಅಂತ ಒಪ್ಪಲ್ಲ ಅಂದೆ ಅಷ್ಟೇ” ಅಂತಾನೆ. ನಮ್ಮ ‘ನಾಸ್ತಿಕ’ ಇನ್ನೂ ಬೇರೆ ಲೆಕ್ಕ. ಹಳೇ ಶಾಸ್ತ್ರದ ಪ್ರಕಾರ ವೇದ ಒಪ್ಪದವನು ನಾಸ್ತಿಕ, ಜೈನರೂ ಬೌದ್ಧರೂ ಅದರಲ್ಲಿ ಬಂದ್ರು.

ಅವನಿಗೆ ನಿಜಕ್ಕೂ ನೋವಾಗೋದು “ನಿನಗೆ ಯಾರು ನೋವು ಮಾಡಿದ್ರು, ದೇವರ ಮೇಲೆ ಯಾಕೆ ಸಿಟ್ಟು?” ಅಂತ ಅವಳು ಕೇಳಿದಾಗ. ಅವಳು ಕರುಣೆಯಿಂದಲೇ ಕೇಳ್ತಾಳೆ. ಅವನ ಮನೇಲಿ ಅಜ್ಜನ ಕಾಲದಿಂದ ಯಾರೂ ಚರ್ಚಿಗೆ ಹೋಗಿಲ್ಲ, ಸಿಟ್ಟು ಎಲ್ಲಿಂದ ಬರಬೇಕು!

ಒಂದು ರಾತ್ರಿ ಫೋನಿನಲ್ಲಿ ಒಂದು ಸ್ಟಡಿ ತೆಗೆದು ತೋರಿಸಿದ. 2006ರಲ್ಲಿ ಅಮೆರಿಕನ್ ಹಾರ್ಟ್ ಜರ್ನಲ್‌ನಲ್ಲಿ ಬಂದದ್ದು, 6 ಆಸ್ಪತ್ರೆ, 1,802 ಬೈಪಾಸ್ ಪೇಷಂಟ್‌ಗಳು. ಪ್ರಾರ್ಥನೆ ನಡೆಯುತ್ತೋ ಇಲ್ವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಸಿಕ್ಕವರಿಗೆ ಶೇ. 52 ಕಾಂಪ್ಲಿಕೇಷನ್, ಸಿಗದವರಿಗೆ ಶೇ. 51. ನಿಮಗಾಗಿ ಖಂಡಿತ ಪ್ರಾರ್ಥಿಸ್ತಾರೆ ಅಂತ ಹೇಳಿದ ಗುಂಪಿಗೆ ಶೇ. 59! “ಪ್ರಾರ್ಥನೆ ಏನು ಮಾತ್ರೆನಾ, ಡೋಸ್ ಅಳೆಯೋಕೆ?” ಅಂದಳು. ಸರಿ. ಆದ್ರೆ ಹಿಂದಿನ ವಾರ ಒಬ್ಬರು ಚೇತರಿಸಿಕೊಂಡಾಗ ಪ್ರಾರ್ಥನೆಯಿಂದ ಅಂದವಳೂ ಅವಳೇ. ಇಲ್ಲಿ ನನ್ನ ಓಟು ಅವನಿಗೆ. ಗುಣವಾದಾಗ ಲೆಕ್ಕಕ್ಕೆ ತಗೊಂಡು, ಆಗದಿದ್ದಾಗ ಲೆಕ್ಕವೇ ಬೇಡ ಅನ್ನೋಕಾಗಲ್ಲ.

ಮೂರು ವಾರದ ಹಿಂದೆ (ವಿವರ ಬದಲಾಯಿಸಿದ್ದೀನಿ) ಕೊನೇ ಗಳಿಗೆಯಲ್ಲಿದ್ದ ಅಜ್ಜಿಯೊಬ್ಬರು ಅವನ ಕೈ ಹಿಡಿದು ಪ್ರಾರ್ಥನೆ ಮಾಡ್ತೀಯಾ ಅಂದ್ರು. ರಾತ್ರಿ 3 ಗಂಟೆ. ಚಾಪ್ಲಿನ್ ಬರೋಷ್ಟು ಹೊತ್ತಿರಲಿಲ್ಲ. ನಮ್ಮಷ್ಟಕ್ಕೆ ನಾವೇ ಧರ್ಮದ ಮಾತು ಎತ್ತಿಕೊಂಡು ಹೋಗೋ ಹಾಗಿಲ್ಲ ಇಲ್ಲಿ, ಪೇಷಂಟೇ ಕೇಳಿದ್ರೆ ಬೇರೆ ಮಾತು. ಅವನು ಬ್ರೇಕಿನಲ್ಲಿದ್ದ ಅವಳನ್ನ ಎಬ್ಬಿಸಿ ಕರ್ಕೊಂಡು ಬಂದ. ಅವಳು ಮೆಲ್ಲಗೆ ಪ್ರಾರ್ಥಿಸಿದಳು. ಅವನು ಸಿರಿಂಜ್ ಡ್ರೈವರ್ ನೋಡ್ಕೊಂಡು ತಲೆ ತಗ್ಗಿಸಿ ನಿಂತಿದ್ದ.

ಬೆಳಿಗ್ಗೆ ಅವಳು ಕಣ್ಣು ತುಂಬಿಕೊಂಡು, “ನೋಡು, ಆ ಹೊತ್ತಲ್ಲಿ ನೀನೂ ನಂಬಿದ್ದೆ” ಅಂದಳು. ಅವನು ಕೆಂಡವಾದ. “ಅವರಿಗೆ ಬೇಕಾಗಿದ್ದನ್ನ ತಂದುಕೊಟ್ಟೆ, ಅಷ್ಟೇ. ಅದನ್ನೂ ನಿನ್ನ ದೇವರ ಖಾತೆಗೆ ಹಾಕ್ಬೇಡ!”

ಆವತ್ತಿಂದ ಹ್ಯಾಂಡೋವರ್ ಬಿಟ್ರೆ ಇಬ್ಬರ ನಡುವೆ ಮಾತಿಲ್ಲ. ಗುರುವಾರ ಮೂವರಿಗೂ ಒಂದೇ ನೈಟ್. ಚಕ್ಕುಲಿ ಮಾಡ್ಕೊಂಡು ಹೋಗ್ತಿದ್ದೀನಿ, ಅದು ಅಂದ್ರೆ ಇಬ್ಬರಿಗೂ ಜೀವ.