ಮುಂಗಾಜಿನ ಕೆಸರು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿ ನಮ್ಮ ಪಾಲಿಗೆ ಬರಿಯ ದಾರಿಯಲ್ಲ. ಅಕ್ಕಮಹಾದೇವಿಯವರ ಉಡುತಡಿ, ಅಲ್ಲಮಪ್ರಭುಗಳ ಬಳ್ಳಿಗಾವಿ ಎರಡೂ ಈ ಸೀಮೆಯವೇ. ಕಳೆದ ಮಳೆಗಾಲದಲ್ಲಿ ಸೊರಬದ ಬಂಧುಗಳ ಮನೆಯ ನಾಮಕರಣಕ್ಕೆಂದು ವೃದ್ಧ ತಾಯಿಯವರನ್ನು ಕರೆದುಕೊಂಡು ಆ ದಾರಿಯಲ್ಲಿ ಹೊರಟಿದ್ದೆವು.

ಕಾರಿನ ಮುಂಗಾಜಿಗೆ ನೀರು ಚಿಮ್ಮಿಸುವ ವಾಷರ್ ನಿಂತು ತಿಂಗಳೇ ಕಳೆದಿತ್ತು. ವೈಪರ್ ಆಡುತ್ತಿದೆಯಲ್ಲ, ಅಷ್ಟೇ ಸಾಕೆಂದು ಉದಾಸೀನ ಮಾಡಿದ್ದೆವು. ಶಿರಾಳಕೊಪ್ಪ ಇನ್ನೂ ಮುಂದಿರುವಾಗ ಎದುರಿನಿಂದ ಬಂದ ಲಾರಿಯೊಂದು ಗುಂಡಿಯ ಕೆಂಪು ಕೆಸರನ್ನು ಗಾಜಿನ ತುಂಬ ಎರಚಿತು. ಮಳೆ ನಿಂತಿತ್ತು. ವೈಪರ್ ಕೆಸರನ್ನು ಒರೆಸಲಿಲ್ಲ, ಬಳಿಯಿತು. ಮುಂದೇನೂ ಕಾಣದೆ ಬ್ರೇಕ್ ಒತ್ತಿದೆವು. ಇಳಿದು ನೋಡಿದರೆ ನಾಲ್ಕೇ ಮಾರು ದೂರದಲ್ಲಿ ಶಾಲೆಯ ಬಾಲೆಯೊಬ್ಬಳು ಸೈಕಲ್ ಹಿಡಿದು ನಿಂತಿದ್ದಳು. ನಮ್ಮ ಕೈಕಾಲು ನಡುಗಿದವು. ತಾಯಿಯವರು ಇಷ್ಟಲಿಂಗವನ್ನು ಎದೆಗೊತ್ತಿಕೊಂಡು ಮೌನವಾಗಿದ್ದರು.

ಕುಡಿಯಲು ತಂದಿದ್ದ ನೀರಿನಿಂದ ಗಾಜು ತೊಳೆದು, ಶಿರಾಳಕೊಪ್ಪದ ಗ್ಯಾರೇಜೊಂದನ್ನು ಸೇರಿದೆವು. “ಮೋಟಾರು ಸುಟ್ಟಿರಬೇಕು, ಹೊಸದು ಹಾಕಪ್ಪ” ಎಂದೆವು.

“ತಡೀರಿ ಯಜಮಾನ್ರೇ, ಮೊದಲು ಸದ್ದು ಕೇಳೋಣ” ಎಂದು ಆ ತರುಣನು ಸ್ವಿಚ್ ಒತ್ತಿಸಿದನು. ಬಾನೆಟ್ಟಿನೊಳಗಿಂದ ಗುಂಯ್ ಎಂಬ ಸದ್ದು ಬಂದಿತು. ಸದ್ದು ಬಾರದಿದ್ದರೆ ಫ್ಯೂಸನ್ನು, ಅನಂತರ ತಂತಿ ಹಾಗೂ ಮೋಟಾರನ್ನು ನೋಡಬೇಕಂತೆ. ಸದ್ದು ಬಂದುದರಿಂದ ನೀರಿನ ದಾರಿಯನ್ನು ಹುಡುಕಿದನು. ತೊಟ್ಟಿಯಲ್ಲಿ ನೀರಿತ್ತು. ಕೊಳವೆ ಕಳಚಿರಲಿಲ್ಲ, ಮಡಚಿರಲೂ ಇಲ್ಲ. ನೀರು ಚಿಮ್ಮುವ ನಾಜಲಿನ ಬಳಿ ಕೊಳವೆಯನ್ನು ಬಿಡಿಸಿ ಮತ್ತೆ ಸ್ವಿಚ್ ಒತ್ತಿಸಿದಾಗ ನೀರು ಧಾರಾಳವಾಗಿ ಸುರಿಯಿತು. ದೋಷವಿದ್ದದ್ದು ನಾಜಲಿನ ಸಣ್ಣ ರಂಧ್ರದಲ್ಲಿ. ಸೂಜಿಯಿಂದ ಮೆಲ್ಲನೆ ಬಿಡಿಸಿದಾಗ ಬಿಳಿಯ ಗಷ್ಟು ಹೊರಬಂದಿತು.

“ಸೋಪಿನ ಪುಡಿ ಹಾಕಿದ್ರಾ?”

ನಾವು ತಲೆ ತಗ್ಗಿಸಿದೆವು. ಗಾಜು ಹೆಚ್ಚು ಶುಭ್ರವಾಗಲೆಂದು ಬಟ್ಟೆ ಒಗೆಯುವ ಪುಡಿಯನ್ನು ಬೋರ್‌ವೆಲ್ಲಿನ ಗಡಸು ನೀರಿಗೆ ಬೆರೆಸಿ ತುಂಬಿದವರು ನಾವೇ. ಶುದ್ಧಿಗೆಂದು ಹಾಕಿದ್ದೇ ನೀರಿನ ಬಾಯಿಯನ್ನು ಕಟ್ಟಿತ್ತು. ಆತ ತೊಟ್ಟಿಯನ್ನು ತೊಳೆದು ತಿಳಿನೀರು ತುಂಬಿದನು. ತೊಟ್ಟಿ ಬರಿದಾಗಿರುವಾಗ ಸ್ವಿಚ್ ಒತ್ತುತ್ತಲೇ ಇದ್ದರೆ ಮೋಟಾರು ನಿಜವಾಗಿಯೂ ಹಾಳಾಗುವುದೆಂದು ಎಚ್ಚರಿಸಿದನು. ಹೊಸ ಮೋಟಾರನ್ನು ಮಾರಿ ಹಣ ಪಡೆಯುವ ಅವಕಾಶ ಆತನಿಗಿತ್ತು. ಸೂಜಿಯ ಕೆಲಸಕ್ಕೆ ತಕ್ಕಷ್ಟೇ ಪಡೆದನು. ಶರಣರು ಹೇಳಿದ ಸತ್ಯಶುದ್ಧ ಕಾಯಕವನ್ನು ಅಂದು ಎಣ್ಣೆ ಮೆತ್ತಿದ ಆ ಕೈಗಳಲ್ಲಿ ಕಂಡೆವು.

ಕಾರು ಹೊರಟಾಗ ತಾಯಿಯವರು, “ಆ ಹುಡುಗಿ ಯಾರ ಮನೆ ಮಗಳೋ ಏನೋ. ದಿನಾ ಪೂಜೆಗೆ ಮುಂಚೆ ಮುಖ ತೊಳೀತೀಯಲ್ಲಪ್ಪ, ಇದನ್ನೂ ಹಂಗೇ ತೊಳಿ” ಎಂದರು. ಅಂದಿನಿಂದ ಗಾಡಿ ತೆಗೆಯುವ ಮುನ್ನ ತೊಟ್ಟಿಯ ನೀರನ್ನು ನೋಡುವುದು, ಒಮ್ಮೆ ಚಿಮ್ಮಿಸಿ ಪರೀಕ್ಷಿಸುವುದು ನಮ್ಮ ನಿತ್ಯದ ನೇಮವಾಗಿದೆ. ವಾಹನವುಳ್ಳ ಬಂಧುಗಳೂ ಮಳೆಗಾಲಕ್ಕೆ ಮೊದಲೇ ಈ ಸಣ್ಣ ಕೆಲಸವನ್ನು ಮಾಡಿಕೊಳ್ಳಲೆಂದು ನಮ್ಮ ವಿನಂತಿ.