ಗೋಡೆಗೆ ಯಾವ ಬಣ್ಣ?

ಬಿಳಿ ಎಂದರೆ ಒಂದೇ ಬಣ್ಣವೆಂದು ನಾನು ಬಹುಕಾಲ ನಂಬಿದ್ದೆ. ಚಾಕಣದ ನಮ್ಮ ಮನೆಯ ಹಿಂದಿನ ಕೋಣೆಗೆ ಬಣ್ಣ ಹಚ್ಚಿಸಲು ಹೊರಟಾಗ ಆ ನಂಬಿಕೆ ಹೋಯಿತು.

ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಅವ್ವ ಬರುವವಳಿದ್ದಳು. ಹಿಂದೆ ಎರಡು ಸಲ ಬಂದು, "ನಿಮ್ಮ ಮನಿಯಾಗ ನನಗ ಕೂಡಾಕ ಜಾಗಾ ಇಲ್ಲ" ಎಂದು ತಿಂಗಳೊಳಗೆ ತಿರುಗಿ ಹೋಗಿದ್ದಳು. ಮನೆಯಲ್ಲಿ ನಾಲ್ಕು ಕುರ್ಚಿಗಳಿದ್ದರೂ ಹೀಗೇಕೆ ಅನ್ನುತ್ತಾಳೆಂದು ನಮಗೆ ತಿಳಿಯಲಿಲ್ಲ. ಈ ಸಲ ಅವಳು ಉಳಿಯಲೇಬೇಕು. ಊರಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಆದ್ದರಿಂದ ಕೋಣೆಯನ್ನಾದರೂ ಚೆಂದ ಮಾಡೋಣವೆಂದುಕೊಂಡೆವು.

ಅಂಗಡಿಯವನು ಕೊಟ್ಟ ಶೇಡ್ ಕಾರ್ಡಿನಲ್ಲಿ ಎರಡು ಬಿಳುಪುಗಳು ಉಳಿದವು. ಒಂದಕ್ಕೆ ಹಾಲಿನ ಕೆನೆಯ ಛಾಯೆ, ಇನ್ನೊಂದಕ್ಕೆ ಬೂದಿಯ ಸೋಂಕು. ನನಗೆ ಎರಡನೆಯದು ಹಿಡಿಸಿತು. "ಇದೇನ್ರಿ, ಮನಿಯೋ ದವಾಖಾನಿಯೋ?" ಎಂದಳು ನನ್ನಾಕೆ. 1660ರಲ್ಲಿ ಫಿರಂಗೋಜಿ ನರಸಾಳನು ಶಾಯಿಸ್ತಾಖಾನನ ಸೈನ್ಯವನ್ನು 50ಕ್ಕೂ ಹೆಚ್ಚು ದಿನ ತಡೆದ ಕೋಟೆ ನಮ್ಮ ಚಾಕಣದ್ದು. ನಮ್ಮ ಮನೆಯ ಮುತ್ತಿಗೆ ಎಂಟು ದಿನ ನಡೆಯಿತು.

ಕೊನೆಗೆ ಗೋಡೆಯ ಮೇಲೆಯೇ ಎರಡನ್ನೂ ಎರಡೆರಡು ಅಡಿ ಹಚ್ಚಿಸಿದೆವು. ಹಸಿ ಬಣ್ಣ ಮೋಸ ಮಾಡುತ್ತದೆ. ಒಣಗಿದ ಮೇಲೆಯೇ ನೋಡಬೇಕು. ಕೋಣೆಯ ಕಿಟಕಿ ಉತ್ತರಕ್ಕಿದೆ. ಅಲ್ಲಿಂದ ನೇರ ಬಿಸಿಲಲ್ಲ, ಆಕಾಶದ ನೀಲಿ ಬೆರೆತ ಬೆಳಕು ಬರುತ್ತದೆ. ಹಗಲಿನಲ್ಲಿ ನನ್ನ ಬಣ್ಣ ಮೋಡ ಕವಿದಂತೆ ಕಂಡಿತು. ರಾತ್ರಿ ಹಳದಿ ದೀಪ ಹಚ್ಚಿದರೆ ಎರಡರ ಭೇದವೇ ತಿಳಿಯದು. "ಸಾಹೇಬ್, ದೋನ್ಹೀ ಸಾರಖೇಚ್," ಎರಡೂ ಒಂದೇ ಎಂದು ಬಣ್ಣದವನು ನಕ್ಕ.

ಅಷ್ಟರಲ್ಲಿ ಅವ್ವ ಬಂದೇಬಿಟ್ಟಳು. ತೀರ್ಪು ಅವಳಿಗೇ ಬಿಟ್ಟೆವು. ಎರಡನ್ನೂ ನೋಡಿದಳು. ಆಮೇಲೆ ಗೋಡೆಯ ಮೇಲೆ ಅಂಗೈ ಉಜ್ಜಿ ನೋಡಿಕೊಂಡಳು.

"ಎರಡೂ ಚಲೋ ಅದಾವ. ಆದ್ರ ಬೆನ್ನ ಹಚ್ಚಿ ಕುಂತ್ರ ಸೀರಿಗೆ ಹತ್ತತೈತೇನು?"

ಆಗ ನನಗೆ ಹೊಳೆಯಿತು. ಊರ ಮನೆಯ ಗೋಡೆಗೆ ಸುಣ್ಣ. ಅದಕ್ಕೆ ಯಾರೂ ಒರಗುತ್ತಿರಲಿಲ್ಲ. ಅವ್ವ ಒರಗುತ್ತಿದ್ದುದು ಪಡಸಾಲೆಯ ಕಂಬಕ್ಕೆ. ನಮ್ಮಲ್ಲಿ ಕಂಬವಿಲ್ಲ, ಗೋಡೆಗಿದ್ದುದು ಅಗ್ಗದ ಡಿಸ್ಟೆಂಪರ್, ಮುಟ್ಟಿದರೆ ಪುಡಿ ಉದುರುವಂಥದು. ಕುರ್ಚಿ ಅವಳಿಗೆ ಬೇಡ. ನೆಲದ ಮೇಲೆ ಬೆನ್ನಿಗೆ ಆಸರೆಯಿಲ್ಲದೆ ಎಷ್ಟು ದಿನ ಕೂತಾಳು? ಉಳಿತಾಯಕ್ಕೆಂದು ಈ ಸಲವೂ ನಾನು ಡಿಸ್ಟೆಂಪರನ್ನೇ ಹೇಳಿದ್ದೆ. ಛಾಯೆಯ ಚರ್ಚೆಯಲ್ಲಿ ಅದು ಯಾರ ನೆನಪಿಗೂ ಬಂದಿರಲಿಲ್ಲ.

ಒರೆಸಿದರೂ ಹೋಗದ ಪ್ಲಾಸ್ಟಿಕ್ ಪೇಂಟನ್ನೇ ಹಚ್ಚಿಸಿದೆವು. ಕೆನೆಬಣ್ಣವೇ ಗೆದ್ದಿತು, ಸೋತ ಬೇಸರ ನನಗಾಗಲಿಲ್ಲ.

ಅವ್ವ ಬಂದು ಈಗ ಏಳು ತಿಂಗಳು. ಅವಳು ಕೂಡುವ ಕಡೆ ತಲೆಯೆಣ್ಣೆಯ ಮಾಸಲು ಗುರುತೊಂದು ಗೋಡೆಗೆ ಬಿದ್ದಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋದೀತು. ನನ್ನಾಕೆ ಮನೆಯೆಲ್ಲ ಒರೆಸುತ್ತಾಳೆ, ಅದೊಂದನ್ನು ಬಿಟ್ಟಿದ್ದಾಳೆ.